ಅಳಿವೆ ಬಾಗಿಲಿನ ಆಚೆ

ಎಪ್ರಿಲ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಗಾಳದ ಕಾಲ. ಪರೀಕ್ಷೆ ಮುಗಿದಿರುತ್ತದೆ, ಗಲ್ಫಿನಲ್ಲಿರುವವರು ರಜೆಯಲ್ಲಿ ಊರಿಗೆ ಬಂದಿರುತ್ತಾರೆ, ಕಡಲು ಬೆಳಗಿನ ಹೊತ್ತಿಗೆ ಕೆರೆಯ ಹಾಗೆ ಸುಮ್ಮನಿರುತ್ತದೆ. ಸೋಮೇಶ್ವರದ ಬಂಡೆಗಳ ಮೇಲೆ, ಸುರತ್ಕಲ್ ದೀಪಸ್ತಂಭದ ಕೆಳಗೆ, ಬೆಂಗ್ರೆಯ ಕಲ್ಲಿನ ತಡೆಗೋಡೆಯ ಮೇಲೆ ಗಾಳ ಹಿಡಿದು ಕೂತವರನ್ನು ನೀವೂ ನೋಡಿರಬಹುದು. ದೋಣಿಯವರ ಪರಿಚಯ ಇದ್ದವರು ಇನ್ನೂ ಸ್ವಲ್ಪ ಮುಂದೆ ಹೋಗುತ್ತಾರೆ. ನಾಲ್ಕೈದು ಮಂದಿ ಸೇರಿ, ನಾಡದೋಣಿಯ ಪೆಟ್ರೋಲ್ ಖರ್ಚು ಹಂಚಿಕೊಂಡು, ಅಳಿವೆ ಬಾಗಿಲು ದಾಟಿ ಕಡಲಿಗೇ ಹೋಗಿ ಗಾಳ ಹಾಕಿ ಬರುತ್ತಾರೆ. ಈ ಸಲ ನಾವೂ ಹಾಗೆ ಹೋಗಿ ಬಂದೆವು.

ನಮ್ಮ ಮನೆ ನರಿಕೊಂಬಿನಲ್ಲಿ, ನೇತ್ರಾವತಿಯ ದಂಡೆಗೆ ಹತ್ತಿರ. ಕಡಲು ನಮಗೆ ದೂರವಾದರೂ ಮನೆಯಲ್ಲಿ ಮೀನಿನ ವಾಸನೆ ಇಲ್ಲದ ದಿನ ಇಲ್ಲ. ಉಪ್ಪನದು ಮೀನಿನ ವ್ಯಾಪಾರ. ರಾತ್ರಿ ಮೂರೂವರೆಗೆ ಎದ್ದು, ಮೊಪೆಡ್‌ನ ಹಿಂದೆ ಪೆಟ್ಟಿಗೆ ಕಟ್ಟಿ, ಮಂಗಳೂರಿನ ದಕ್ಕೆಗೆ ಹೋಗುತ್ತಾರೆ. ಅಲ್ಲಿ ಏಲಂನಲ್ಲಿ ಮೀನು ಹಿಡಿದು, ಐಸ್ ಹಾಕಿ, ಬಿಸಿಲೇರುವ ಮೊದಲೇ ಹಾರ್ನ್ ಊದುತ್ತಾ ಪಾಣೆಮಂಗಳೂರು, ನರಿಕೊಂಬು, ಶಂಭೂರಿನ ಮನೆ ಮನೆಗೆ ಬರುತ್ತಾರೆ. ನಮ್ಮ ಕಾಲೇಜಿನ ಎಷ್ಟೋ ಮಂದಿ ಮಧ್ಯಾಹ್ನ ಉಂಡ ಬಂಗುಡೆ ಉಪ್ಪನ ಪೆಟ್ಟಿಗೆಯಿಂದ ಬಂದದ್ದೇ ಇರಬೇಕು.

ಮೀನಿನ ವಿಷಯದಲ್ಲಿ ಉಪ್ಪನ ಕಣ್ಣು ತಪ್ಪಿದ್ದು ನಾನು ನೋಡಿಲ್ಲ. ಕಿವಿರು ಎತ್ತಿ ನೋಡಿ, ಬೆನ್ನಿಗೆ ಹೆಬ್ಬೆರಳು ಒತ್ತಿ, ಇದು ನಿನ್ನೆ ರಾತ್ರಿ ಬಂದದ್ದು, ಇದು ಮೂರು ದಿನ ಐಸಿನಲ್ಲಿ ಮಲಗಿದ್ದು ಎಂದು ಹೇಳುತ್ತಾರೆ. ಒಂದೇ ಬುಟ್ಟಿಯಲ್ಲಿ ಎರಡು ಬೋಟಿನ ಮೀನು ಬೆರೆಸಿದ್ದರೆ ಬೇರೆ ಮಾಡಿ ಕೊಡುತ್ತಾರೆ. ಆದರೆ ಇಷ್ಟು ವರ್ಷ ಮೀನು ಮಾರಿದ ಉಪ್ಪ ಒಂದು ದಿನವೂ ಕಡಲಿಗೆ ಹೋದವರಲ್ಲ. ದಕ್ಕೆಯ ಅಂಚಿನವರೆಗೆ ಅವರ ಕಡಲು. ಜೀವ ಇರುವ ಬಂಗುಡೆಯನ್ನು ಅವರು ಕಂಡೇ ಇರಲಿಲ್ಲ.

ಈ ವರ್ಷ ಮಾಮ ಗಲ್ಫಿನಿಂದ ರಜೆಯಲ್ಲಿ ಬಂದರು. ಬರುವಾಗ ಎರಡು ರಾಡ್, ರೀಲ್, ಹೊಳೆಯುವ ಗಾಳಗಳ ಒಂದು ಡಬ್ಬ ತಂದಿದ್ದರು. ಅಲ್ಲಿ ರಜಾದಿನಗಳಲ್ಲಿ ಗೆಳೆಯರ ಜೊತೆ ಲಾಂಚಿನಲ್ಲಿ ಮೀನು ಹಿಡಿಯಲು ಹೋಗುವ ಅಭ್ಯಾಸ ಅವರಿಗೆ. ಹಮ್ಮೂರ್ ಹಿಡಿದ ಫೋಟೋಗಳನ್ನು ನಮಗೆಲ್ಲ ತೋರಿಸಿದರು. ಉಪ್ಪ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಮುರು ಅಲ್ಲವಾ?" ಎಂದರು. ಹೌದು, ಅದೇ. ನಮ್ಮ ಕಡಲಿನಲ್ಲಿ ಮುರು, ಅರಬ್ಬರ ಬಾಯಲ್ಲಿ ಹಮ್ಮೂರ್.

ಮಾಮ ಮೀನಿನ ಗಾಳದ ಜೊತೆ ಇನ್ನೊಂದು ಮಾತನ್ನೂ ತಂದಿದ್ದರು. ನಾನು ದ್ವಿತೀಯ ಪಿಯುಸಿ ಮುಗಿಸಿದ ಕೂಡಲೇ ಅವರ ಪರಿಚಯದ ಅಂಗಡಿಯಲ್ಲಿ ನನಗೆ ಕೆಲಸ, ವೀಸಾ ಅವರದೇ ಜವಾಬ್ದಾರಿ. ಉಮ್ಮ ಏನೂ ಹೇಳಲಿಲ್ಲ. ಉಪ್ಪ, "ಒಳ್ಳೆಯದೇ. ಈ ಮೊಪೆಡ್ ಇವನಿಗೆ ಬೇಡ" ಎಂದರು. ಕೇಳಿದರೆ ಹೇಳಲು ನನ್ನಲ್ಲಿ ಮಾತಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಕಡಲಿಗೆ ಹೋಗುವ ಮಾತು ಬಂದದ್ದು ಅದೇ ರಾತ್ರಿ ಊಟದ ಹೊತ್ತಿಗೆ.

ಉಪ್ಪ ದಕ್ಕೆಯಲ್ಲಿ ಖಾಯಂ ಮೀನು ತೆಗೆಯುವ ಒಬ್ಬ ಮೊಗವೀರರು ಇದ್ದಾರೆ. ಉಪ್ಪನಿಗಿಂತ ಹಿರಿಯರು. ಉಪ್ಪ ಅವರನ್ನು ಅಣ್ಣ ಎನ್ನುತ್ತಾರೆ, ಅವರು ಉಪ್ಪನನ್ನು ಸಾಹೇಬ್ರೇ ಎನ್ನುತ್ತಾರೆ. ಇಬ್ಬರ ಮಾತೂ ತುಳುವಿನಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅವರಿಗೆ ಉಳ್ಳಾಲದ ಕೋಟೆಪುರದ ಬದಿಯಲ್ಲಿ ಒಂದು ಫೈಬರ್ ನಾಡದೋಣಿ ಇದೆ. "ಹೋಗುವುದಾದರೆ ಮೇ ಒಳಗೆ ಬನ್ನಿ ಸಾಹೇಬ್ರೇ. ಆಮೇಲೆ ಕಡಲು ನಮ್ಮದಲ್ಲ" ಎಂದು ಅವರು ಹೇಳಿದರಂತೆ.

ಅವರ ಮಾತಿನ ಅರ್ಥ ಹೀಗೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯ ಒಳಗಿನ ಸಣ್ಣ ಯಂತ್ರದ ನಾಡದೋಣಿಗಳಿಗೆ ಕಾನೂನಿನ ವಿನಾಯಿತಿ ಇದೆ. ಆದರೆ ಮಳೆಗಾಲದ ಕಡಲು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಆ ಎರಡು ತಿಂಗಳು ಅನೇಕ ಮೀನುಗಳು ಮೊಟ್ಟೆ ಇಡುವ ಕಾಲವೂ ಹೌದು.

ಮೊದಲು ಗೊತ್ತುಮಾಡಿದ ದಿನ ನಾವು ಹೋಗಲಿಲ್ಲ. ಹಿಂದಿನ ಸಂಜೆ ಅಣ್ಣನ ಫೋನ್ ಬಂತು: "ನಾಳೆ ಬೇಡ. ಅಲೆಯ ಸೂಚನೆ ಇದೆ." ಆಕಾಶದಲ್ಲಿ ಒಂದು ಮೋಡ ಇರಲಿಲ್ಲ, ತೆಂಗಿನ ಗರಿ ಅಲುಗುತ್ತಿರಲಿಲ್ಲ. ಮಾಮನಿಗೆ ಸಿಟ್ಟು ಬಂತು. ಆಮೇಲೆ ನಾನು ಓದಿ ತಿಳಿದುಕೊಂಡೆ. ಎಪ್ರಿಲ್, ಮೇ ತಿಂಗಳಲ್ಲಿ ಹೀಗೆ ಸದ್ದಿಲ್ಲದೆ ಬರುವ ಅಲೆಗಳಿಗೆ ಕೇರಳದ ಮೀನುಗಾರರು ಕಳ್ಳಕಡಲ್ ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಅದು ಹುಟ್ಟುವುದು ಇಲ್ಲಿ ಅಲ್ಲ; ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಬಿರುಗಾಳಿ ಎಬ್ಬಿಸಿದ ಉಬ್ಬರದ ಅಲೆ ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬಂದು ಬಡಿಯುತ್ತದೆ. ಇಲ್ಲಿ ಗಾಳಿಯೂ ಇರುವುದಿಲ್ಲ, ಮಳೆಯೂ ಇರುವುದಿಲ್ಲ. ಹೈದರಾಬಾದಿನ ಇಂಕಾಯಿಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಇದನ್ನು ಮೊದಲೇ ಲೆಕ್ಕ ಹಾಕಿ ಎಚ್ಚರಿಕೆ ಕೊಡುತ್ತದೆ. ಅಣ್ಣ ಶಾಲೆಗೆ ಹೆಚ್ಚು ಹೋದವರಲ್ಲ. ಆದರೆ ಆ ಸಂಸ್ಥೆಯ ಸೂಚನೆ ನೋಡದೆ ದೋಣಿ ನೀರಿಗಿಳಿಸುವುದಿಲ್ಲ.

ಮರುವಾರ ಭಾನುವಾರ ಹೊರಟೆವು. ಉಪ್ಪ, ಮಾಮ, ನಾನು, ನನ್ನ ಕ್ಲಾಸಿನ ಒಬ್ಬ ಗೆಳೆಯ, ಮತ್ತು ಒಂಬತ್ತನೇ ತರಗತಿಯ ನನ್ನ ತಂಗಿ. ಅವಳನ್ನು ಕರೆದುಕೊಂಡು ಹೋಗುವ ಯೋಚನೆ ಯಾರಿಗೂ ಇರಲಿಲ್ಲ. ಅವಳು ಎರಡು ದಿನ ಯಾರೊಡನೆಯೂ ಮಾತಾಡದೆ ಕೂತು ಗೆದ್ದಳು. ಉಮ್ಮ ಗಂಜಿ, ಚಟ್ನಿ, ಲಿಂಬೆಹಣ್ಣು ಕಟ್ಟಿ ಕೊಟ್ಟರು.

ತುಂಬೆ ದಾಟುವಾಗ ಇನ್ನೂ ಕತ್ತಲೆ. ಅಲ್ಲಿಯ ಕಿಂಡಿ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುವುದು. ಬೇಸಗೆಯಲ್ಲಿ ನಮ್ಮ ಹೊಳೆ ಅಲ್ಲಿಗೇ ನಿಂತುಬಿಡುತ್ತದೆ. ಕಡಲಿಗೆ ಹೋಗುವಷ್ಟು ನೀರು ಉಳಿಯುವುದು ಕಡಿಮೆ. ಫರಂಗಿಪೇಟೆ, ಅಡ್ಯಾರ್, ಪಂಪ್‌ವೆಲ್ ಕಳೆದು ಎಕ್ಕೂರು ಬಂದಾಗ ನಾನು ಉಪ್ಪನಿಗೆ, "ಇಲ್ಲಿ ಮೀನುಗಾರಿಕಾ ಕಾಲೇಜು ಇದೆ" ಎಂದೆ. "ಮೀನು ಹಿಡಿಯಲು ಕಾಲೇಜಾ?" ಎಂದು ಮಾಮ ನಕ್ಕರು. ನಾನು ಗೊತ್ತಿದ್ದಷ್ಟು ಹೇಳಿದೆ: 1969ರಲ್ಲಿ ಶುರುವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು, ನಾಲ್ಕು ವರ್ಷದ ಪದವಿ, ವಿಜ್ಞಾನ ಓದಿದವರು ಸಿಇಟಿ ಬರೆದು ಸೇರಬಹುದು. ಉಪ್ಪ ಕಿಟಕಿಯ ಹೊರಗೆ ನೋಡಿದರು. ಮಾತಾಡಲಿಲ್ಲ. ಅಷ್ಟರಲ್ಲಿ ನೇತ್ರಾವತಿ ಸೇತುವೆ ಬಂತು.

ಉಳ್ಳಾಲದ ಮಸೀದಿಯಲ್ಲಿ ಸುಬಹಿ ನಮಾಝ್ ಮುಗಿಸಿ ಕೋಟೆಪುರಕ್ಕೆ ಹೋದಾಗ ಅಣ್ಣ ಮತ್ತು ಅವರ ಮಗ ದೋಣಿಯಲ್ಲಿ ಕಾಯುತ್ತಿದ್ದರು. ಎಣಿಸಿದರೆ ನಾವು ಏಳು ಮಂದಿ, ಲೈಫ್ ಜಾಕೆಟ್ ಆರು. "ನನಗೆ ಈಜು ಬರುತ್ತದೆ, ಹೋಗುವ" ಎಂದರು ಮಾಮ. ಅಣ್ಣ ಯಂತ್ರದ ಹಗ್ಗ ಎಳೆಯಲು ಹೊರಟವರು ಕೈ ಬಿಟ್ಟರು. "ಈಜು ಬರುವವರಿಗೇ ಜಾಕೆಟ್ ಬೇಕಾಗುವುದು" ಎಂದು ಮಗನನ್ನು ಪಕ್ಕದ ಮನೆಗೆ ಓಡಿಸಿದರು. ಏಳನೇ ಜಾಕೆಟ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕಾಯುತ್ತಿರುವಾಗ ಅವರು 2020ರ ನವೆಂಬರ್ 30ರ ಮಾತು ತೆಗೆದರು. ಅಂದು 'ಶ್ರೀರಕ್ಷಾ' ಎಂಬ ಪರ್ಸೀನ್ ಬೋಟ್ ಉಳ್ಳಾಲದ ಆಚೆ ಮಗುಚಿ ಆರು ಮಂದಿ ಹೋದರು. "ಅವರಲ್ಲಿ ಈಜು ಬಾರದವರು ಯಾರಿದ್ದರು?" ಎಂದು ಕೇಳಿ ಸುಮ್ಮನಾದರು. ಆಮೇಲೆ ಮಾಮ ಕುತ್ತಿಗೆಯವರೆಗೆ ಜಾಕೆಟಿನ ಪಟ್ಟಿ ಬಿಗಿದುಕೊಂಡರು.

ನೇತ್ರಾವತಿಯೂ ಗುರುಪುರ ಹೊಳೆಯೂ ಒಟ್ಟಾಗಿ ಕಡಲು ಸೇರುವ ಜಾಗವೇ ಅಳಿವೆ ಬಾಗಿಲು. ಎರಡು ಬದಿಯಲ್ಲೂ ಕಲ್ಲಿನ ತಡೆಗೋಡೆ. ಹೂಳು ತುಂಬಿದ ಕಡೆ ನೀರು ಕಡಿಮೆ ಇರುವುದರಿಂದ ಸಣ್ಣ ಅಲೆಯೂ ಅಲ್ಲಿ ಎದ್ದು ಮುರಿಯುತ್ತದೆ. ಅಣ್ಣ ಯಂತ್ರವನ್ನು ನಿಧಾನ ಮಾಡಿ ಕಾದರು. ತುಟಿ ಅಲುಗುತ್ತಿತ್ತು, ಅಲೆ ಎಣಿಸುತ್ತಿದ್ದರು. ದೊಡ್ಡ ಅಲೆಗಳ ಒಂದು ಸಾಲು ಹೋದದ್ದೇ ಪೂರ್ತಿ ವೇಗ ಕೊಟ್ಟರು. ದೋಣಿ ಎರಡು ಸಲ ಎತ್ತಿ ಹಾಕಿತು. ಉಪ್ಪ ಒಂದು ಕೈಯಲ್ಲಿ ದೋಣಿಯ ಅಂಚನ್ನೂ ಇನ್ನೊಂದರಲ್ಲಿ ತಂಗಿಯ ತೋಳನ್ನೂ ಹಿಡಿದು ದುಆ ಓದುತ್ತಿದ್ದರು. ಮೂರು ನಿಮಿಷದ ಕೆಲಸ ಅಷ್ಟೇ. ನಾವು ದಡದಲ್ಲಿ ನಿಂತು ಬಂಗುಡೆಗೆ ಹತ್ತು ರೂಪಾಯಿ ಕಡಿಮೆ ಮಾಡಿ ಎನ್ನುವಾಗ ಈ ಮೂರು ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಚೆ ಹೋದ ಮೇಲೆ ಕಡಲು ಬೇರೆಯೇ. ಮಣ್ಣಿನ ಬಣ್ಣ ಹೋಗಿ ಹಸಿರು, ಹಸಿರು ಹೋಗಿ ನೀಲಿ. ಉತ್ತರದಲ್ಲಿ ಪಣಂಬೂರು ಬಂದರಿಗೆ ಬಂದ ಹಡಗುಗಳು ಲಂಗರು ಹಾಕಿ ಸಾಲಾಗಿ ನಿಂತಿದ್ದವು. ಹಿಂದೆ ತಿರುಗಿ ನೋಡಿದರೆ ತೆಂಗಿನ ಗೆರೆ, ಅದರ ಮೇಲೆ ಮಂಜಿನಲ್ಲಿ ಅರ್ಧ ಕಾಣುವ ಘಟ್ಟ. ಹಿಂದಿನ ಕಾಲದಲ್ಲಿ ಹಡಗಿನವರು ದಾರಿ ಗುರುತಿಗೆ ಕುದುರೆಮುಖದ ಶಿಖರವನ್ನು ನೋಡುತ್ತಿದ್ದರಂತೆ. ನಮ್ಮ ನೇತ್ರಾವತಿ ಹುಟ್ಟುವುದೂ ಆ ಬೆಟ್ಟಗಳ ಸಾಲಿನಲ್ಲೇ.

ಅಣ್ಣ ಹಗ್ಗ ಬಿಟ್ಟು ಆಳ ನೋಡಿದರು. "ಎಂಟು ಮಾರು" ಎಂದರು. ಒಂದು ಮಾರು ಎಂದರೆ ಚಾಚಿದ ಎರಡು ತೋಳಿನ ಉದ್ದ, ಸುಮಾರು ಆರಡಿ. ಮಾಮ ರಾಡ್ ಜೋಡಿಸುವಷ್ಟರಲ್ಲಿ ಅಣ್ಣನ ಮಗ ನಮಗೆಲ್ಲ ಕೈಗಾಳ ಕೊಟ್ಟ. ನೈಲಾನ್ ದಾರ, ತುದಿಗೆ ಸೀಸದ ಗುಂಡು, ಮೇಲೆ ಸಾಲಾಗಿ ಐದಾರು ಸಣ್ಣ ಗಾಳ, ಪ್ರತಿ ಗಾಳಕ್ಕೂ ಹೊಳೆಯುವ ಒಂದು ಎಳೆ. ಇದಕ್ಕೆ ಎರೆಯೇ ಬೇಡ. ದಾರವನ್ನು ಮೇಲೆ ಕೆಳಗೆ ಆಡಿಸಿದರೆ ಆ ಎಳೆಗಳು ಸಣ್ಣ ಮೀನಿನ ಹಾಗೆ ಮಿನುಗುತ್ತವೆ, ಬಂಗುಡೆ ಬಂದು ಕಚ್ಚುತ್ತದೆ.

ಗೆಳೆಯ ಮೊದಲ ಅರ್ಧ ಗಂಟೆಯಲ್ಲೇ ಬೆಳಗಿನ ಚಹಾವನ್ನು ಕಡಲಿಗೆ ಕೊಟ್ಟ. ಲಿಂಬೆಹಣ್ಣು ಮೂಸುತ್ತಾ ಮೂಲೆಯಲ್ಲಿ ಕೂತು, "ಕರೆಗೆ ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಿದ್ದ. ತಂಗಿಗೆ ಏನೂ ಆಗಲಿಲ್ಲ. ಮೊದಲ ಮೀನು ಎಳೆದದ್ದೂ ಅವಳೇ. ಮಾಮನ ದುಬಾರಿ ರಾಡಿಗೆ ಒಂದು ಗಂಟೆ ಏನೂ ಬೀಳಲಿಲ್ಲ.

ಉಪ್ಪನ ದಾರ ಎಳೆದದ್ದು ಆಗ. ಅವರು ಗಾಬರಿಯಾಗಿ ಎದ್ದು ನಿಲ್ಲಲು ಹೋದರು. ಅಣ್ಣ ಹೆಗಲು ಒತ್ತಿ ಕೂರಿಸಿದರು. ಬಿಸ್ಮಿ ಹೇಳುತ್ತಾ ಕೈ ಮೇಲೆ ಕೈ ಇಟ್ಟು ಎಳೆದರೆ ಒಂದೇ ದಾರದಲ್ಲಿ ಮೂರು ಬಂಗುಡೆ. ದೋಣಿಯ ಒಳಗೆ ಬಿದ್ದು ಪಟಪಟ ಬಡಿದುಕೊಂಡವು. ಉಪ್ಪ ಒಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆನ್ನಿನಲ್ಲಿ ಹಸಿರು ನೀಲಿ ಬೆರೆತ ಹೊಳಪು, ಅದರ ಮೇಲೆ ಕಪ್ಪು ಚುಕ್ಕೆ, ಪಕ್ಕದಲ್ಲಿ ಬಂಗಾರದ ಹಾಗೆ ಒಂದು ಬಣ್ಣ. ನಾವು ನೋಡುತ್ತಿರುವಾಗಲೇ ಅದು ಅಲುಗುವುದನ್ನು ನಿಲ್ಲಿಸಿತು. ಬಣ್ಣವೂ ನಿಧಾನವಾಗಿ ಮಂಕಾಯಿತು.

"ಇದನ್ನಾ ನಾನು ಮಾರುವುದು?" ಎಂದರು ಉಪ್ಪ. ಯಾರಿಗೆ ಕೇಳಿದ್ದು ಎಂದು ಗೊತ್ತಾಗಲಿಲ್ಲ. ಅಣ್ಣ ನಕ್ಕು, "ನೀವು ಮಾರುವುದು ಇದರ ಮೂರನೇ ದಿನದ ತಮ್ಮನನ್ನು ಸಾಹೇಬ್ರೇ" ಎಂದರು. ಉಪ್ಪನೂ ನಕ್ಕರು. ಆದರೆ ಆಮೇಲೆ ತುಂಬ ಹೊತ್ತು ಗಾಳ ಹಾಕದೆ ಆ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮದ್ರಸದಲ್ಲಿ ನಮ್ಮ ಉಸ್ತಾದರು ಹೇಳುತ್ತಿದ್ದ ಮಾತು ನನಗೆ ನೆನಪಾಯಿತು. ಕಡಲಿನ ಮೀನನ್ನು ಅಲ್ಲಾಹನು ನಮಗೆ ಹಲಾಲ್ ಮಾಡಿದ್ದಾನೆ, ಅದಕ್ಕೆ ಝಬಹ್ ಕೂಡ ಬೇಕಿಲ್ಲ. ಆದರೆ ಉಪಯೋಗ ಇಲ್ಲದೆ, ಬರಿಯ ಮೋಜಿಗೆ ಒಂದು ಗುಬ್ಬಿಯ ಜೀವ ತೆಗೆದರೂ ಅದಕ್ಕೆ ಲೆಕ್ಕ ಕೊಡಬೇಕು. ನಾವು ಅಲ್ಲಿಗೆ ಹೋದದ್ದು ಮೋಜಿಗೇ. ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಆ ಪ್ರಶ್ನೆಗೆ ಉತ್ತರ ಸ್ವಲ್ಪ ಹೊತ್ತಿನಲ್ಲಿ ದೋಣಿಯಲ್ಲೇ ಸಿಕ್ಕಿತು.

ಅಣ್ಣ ದೋಣಿಯನ್ನು ತಳದಲ್ಲಿ ಕಲ್ಲಿರುವ ಒಂದು ಜಾಗಕ್ಕೆ ಒಯ್ದರು. ಅಲ್ಲಿ ಬೂತಾಯಿ ತುಂಡು ಸಿಕ್ಕಿಸಿ ಗಾಳ ಬಿಟ್ಟಾಗ ಮಾಮನ ರಾಡ್ ಬಾಗಿತು. ಕೂಗಾಟ, ಫೋಟೋ, ವಿಡಿಯೋ. ಮೇಲೆ ಬಂದದ್ದು ಮುರು. ಆದರೆ ಸಣ್ಣದು, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. "ಫೋಟೋ ಆಯಿತಲ್ಲ, ಬಿಟ್ಟುಬಿಡಿ" ಎಂದರು ಅಣ್ಣ. ಮಾಮನಿಗೆ ಮನಸ್ಸಿಲ್ಲ. ಇಡೀ ಬೆಳಿಗ್ಗೆ ಅವರಿಗೆ ಸಿಕ್ಕಿದ್ದು ಅದೊಂದೇ. ಆಗ ನಾನು ಓದಿದ್ದನ್ನು ಹೇಳಿದೆ. ಹಮ್ಮೂರ್ ಜಾತಿಯ ಮೀನುಗಳು ಮೊದಲು ಹೆಣ್ಣಾಗಿ ಬೆಳೆಯುತ್ತವೆ. ವರ್ಷಗಳು ಕಳೆದು ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ಸಣ್ಣದನ್ನು ಹಿಡಿದರೆ ಇನ್ನೂ ಮೊಟ್ಟೆ ಇಡದ ಹೆಣ್ಣು ಹೋಗುತ್ತದೆ, ದೊಡ್ಡದನ್ನೆಲ್ಲ ಹಿಡಿದರೆ ಗಂಡೇ ಇಲ್ಲದಾಗುತ್ತದೆ. ಅದಕ್ಕೇ ಪಕ್ಕದ ಕೇರಳದಲ್ಲಿ ಸರಕಾರ ಮೀನಿಗೆ ಅಳತೆ ಗೊತ್ತುಮಾಡಿದೆ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯುವ ಹಾಗಿಲ್ಲ.

ಅಣ್ಣ ನನ್ನನ್ನೇ ನೋಡುತ್ತಿದ್ದರು. "ಇದು ಹೆಣ್ಣಾಗಿ ಆಮೇಲೆ ಗಂಡಾಗುವುದು ನನಗೂ ಗೊತ್ತಿರಲಿಲ್ಲ ಸಾಹೇಬ್ರೇ. ಸಣ್ಣದನ್ನು ಬಿಡಬೇಕೆಂದು ನನ್ನ ಅಪ್ಪ ಹೇಳುತ್ತಿದ್ದರು, ಅಷ್ಟೇ ಗೊತ್ತು" ಎಂದು ಉಪ್ಪನಿಗೆ ಹೇಳಿದರು. ಉಪ್ಪ ಮಾಮನ ಕೈಯಿಂದ ಮುರುವನ್ನು ತೆಗೆದುಕೊಂಡು, ಗಾಳ ಬಿಡಿಸಿ, ನೀರಿನಲ್ಲಿ ಹಿಡಿದರು. ಅದು ಒಂದು ಕ್ಷಣ ನಿಂತು ಕೆಳಗೆ ಹೋಯಿತು. ಕೈಗೆ ಬಂದ ಮೀನನ್ನು ಉಪ್ಪ ಬಿಟ್ಟುಕೊಟ್ಟದ್ದು ಜೀವನದಲ್ಲಿ ಅದು ಮೊದಲ ಸಲ ಇರಬೇಕು.

ಬುಟ್ಟಿಯಲ್ಲಿ ನಲ್ವತ್ತರಷ್ಟು ಬಂಗುಡೆ, ಎರಡು ಕೊಕ್ಕರ್ ಆದಾಗ ಅಣ್ಣ ದಾರ ಸುತ್ತಲು ಹೇಳಿದರು. "ನಿಮ್ಮ ಮನೆಗೂ ಅಕ್ಕಪಕ್ಕಕ್ಕೂ ಸಾಕು." ಇನ್ನೊಂದು ಕಾರಣವೂ ಇತ್ತು. ಬೇಸಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಮೆಲುಗಾಳಿ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಜೋರಾಗಿ ಬೀಸುತ್ತದೆ, ಅಳಿವೆಯಲ್ಲಿ ಅಲೆ ಏಳುತ್ತದೆ. ಹನ್ನೊಂದರ ಒಳಗೆ ಬಾಗಿಲು ದಾಟಬೇಕು. ನಾವು ಎಂಟನೇ ತರಗತಿಯಲ್ಲೋ ಒಂಬತ್ತರಲ್ಲೋ ಬಾಯಿಪಾಠ ಮಾಡಿದ ನೆಲಗಾಳಿ, ಕಡಲಗಾಳಿಯನ್ನು ಅವರು ಗಡಿಯಾರದ ಹಾಗೆ ಉಪಯೋಗಿಸುತ್ತಾರೆ.

ಬರುವಾಗ ದಕ್ಷಿಣದ ಕಡೆ ಕೈ ತೋರಿಸಿ, ಬಟ್ಟಪ್ಪಾಡಿಯ ಆಚೆ 'ಪ್ರಿನ್ಸೆಸ್ ಮಿರಾಲ್' ಮುಳುಗಿದ ಕತೆ ಹೇಳಿದರು. ಕಬ್ಬಿಣದ ಸುರುಳಿ ತುಂಬಿ ಚೀನಾದಿಂದ ಲೆಬನಾನಿಗೆ ಹೊರಟಿದ್ದ ಹಡಗು. 2022ರ ಜೂನ್‌ನಲ್ಲಿ ನೀರು ಒಳನುಗ್ಗಿ ಕುಸಿದಾಗ ನಮ್ಮ ಕೋಸ್ಟ್ ಗಾರ್ಡ್‌ನವರು ಸಿರಿಯಾದ 15 ನಾವಿಕರನ್ನು ಬದುಕಿಸಿ ತಂದರು. ಮಾತು ಮುಗಿಯುವಷ್ಟರಲ್ಲಿ ಅಳಿವೆ ಬಂತು, ಅಣ್ಣ ಮತ್ತೆ ಅಲೆ ಎಣಿಸತೊಡಗಿದರು.

ಅವರು ನಮ್ಮಿಂದ ತೆಗೆದುಕೊಂಡದ್ದು ಪೆಟ್ರೋಲಿನ ಹಣ ಮಾತ್ರ. ಉಪ್ಪ ಎಷ್ಟು ಒತ್ತಾಯ ಮಾಡಿದರೂ ಕೇಳಲಿಲ್ಲ. ಝುಹರ್ ನಮಾಝಿನ ಹೊತ್ತಿಗೆ ನರಿಕೊಂಬು ಮುಟ್ಟಿದೆವು. ಉಮ್ಮ ಮೀನನ್ನು ಪಾಲು ಮಾಡಿದರು. ಗೆಳೆಯನ ಮನೆಗೆ, ಪಕ್ಕದ ಎರಡು ಮನೆಗೆ, ಎದುರಿನ ಅಜ್ಜಿಗೆ. ಉಳಿದದ್ದಕ್ಕೆ ಮೆಣಸು ಅರೆದು ಹಚ್ಚಿದರು. ಕುಚ್ಚಲಕ್ಕಿ ಗಂಜಿಯ ಜೊತೆ ಉಪ್ಪ ಆ ದಿನ ಎರಡೇ ಬಂಗುಡೆ ತಿಂದರು. ಐಸ್ ಮುಟ್ಟದ ಬಂಗುಡೆಯ ರುಚಿ ಹೀಗಿರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೆಳೆಯರೇ, ನೀವೂ ಬೇಸಗೆ ರಜೆಯಲ್ಲಿ ಹೋಗುವುದಾದರೆ ಕೆಲವು ಮಾತು ನೆನಪಿಡಿ. ತಲೆಗೊಂದು ಲೈಫ್ ಜಾಕೆಟ್ ಇಲ್ಲದಿದ್ದರೆ ದೋಣಿ ಹತ್ತಬೇಡಿ. ಅಲೆಯ ಎಚ್ಚರಿಕೆ ಇದ್ದ ದಿನ ಆಕಾಶ ಎಷ್ಟೇ ಚೆನ್ನಾಗಿದ್ದರೂ ಹೋಗಬೇಡಿ. ಬಂಡೆಯ ಮೇಲೆ ಕೂತು ಗಾಳ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಮಳೆಗಾಲದಲ್ಲಂತೂ ಕಡಲಿನ ಹತ್ತಿರವೇ ಬೇಡ. ತುಂಡಾದ ನೈಲಾನ್ ದಾರ, ಪ್ಲಾಸ್ಟಿಕ್ ನೀರಿಗೆ ಬಿಸಾಡದೆ ವಾಪಸು ತನ್ನಿ. ತಿನ್ನುವಷ್ಟು ಹಿಡಿಯಿರಿ, ಸಣ್ಣದನ್ನು ಬಿಡಿ. ನಾಳೆ ಅದೇ ನೀರಿನಲ್ಲಿ ಇನ್ನೊಬ್ಬರು ಹೊಟ್ಟೆಪಾಡಿಗೆ ಬಲೆ ಹಾಕಬೇಕು.

ಮಾಮ ಮೇ ಕೊನೆಗೆ ಹೊರಟರು. ಹೋಗುವ ಹಿಂದಿನ ರಾತ್ರಿ ವೀಸಾದ ಮಾತು ಮತ್ತೆ ಬಂತು. ಉಪ್ಪ ಮೊಪೆಡ್‌ನ ಪೆಟ್ಟಿಗೆ ತೊಳೆಯುತ್ತಿದ್ದವರು ತಲೆ ಎತ್ತದೆಯೇ, "ಒಂದು ವರ್ಷ ನಿಲ್ಲಲಿ. ಪರೀಕ್ಷೆ ಬರೆಯಲಿ" ಎಂದರು. ಮಾಮ, "ಭಾವ, ಆಮೇಲೆ ಈ ಅವಕಾಶ ಇರುತ್ತದೋ ಇಲ್ಲವೋ" ಎಂದರು. ಉಪ್ಪ ಉತ್ತರ ಕೊಡಲಿಲ್ಲ. ಅವರು ಒಳಗೆ ಹೋದ ಮೇಲೆ ನನ್ನನ್ನು ಕರೆದು ಕೇಳಿದರು: "ಆ ಎಕ್ಕೂರಿನ ಕಾಲೇಜಿಗೆ ಎಷ್ಟು ಮಾರ್ಕ್ ಬೇಕು?"

ನಾನು ಈಗ ಅದಕ್ಕೇ ಓದುತ್ತಿದ್ದೇನೆ.